ವರ್ಷಕ್ಕೆ ನಾಲ್ಕು ಸಲ ಹಿಡಿಯೋಕೆ ಎಂಥ ಕ್ಲ್ಯಾಂಪ್ ಮೀಟರ್?

ಹೊಸಪೇಟೆ, ಹಂಪಿ, ಕಂಪ್ಲಿ ಕಡೆಯ ವಿಜಯನಗರ ಕಾಲದ ಕಾಲುವೆಗಳಲ್ಲಿ ನೀರು ತಾನಾಗಿ ಹರಿದು ಗದ್ದೆಗೆ, ಬಾಳೆಗೆ, ಕಬ್ಬಿಗೆ ಬರುತ್ತದೆ. ಅದಕ್ಕೆ ಕರೆಂಟೂ ಬೇಡ, ಮೀಟರೂ ಬೇಡ. ಕಾಲುವೆ ನಿಂತ ತಿಂಗಳಲ್ಲಿ, ಕಾಲುವೆ ಮುಟ್ಟದ ಸಂಡೂರಿನ ಹೊಲಗಳಲ್ಲಿ ಮಾತ್ರ ಬೆಳೆಯ ಜೀವವೆಲ್ಲ ಬೋರಿನ ಮೋಟರಿನಲ್ಲಿ.

ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಸುಟ್ಟ ಮೋಟರಿನ ವೈಂಡಿಂಗ್ ಉಚಿತವಲ್ಲ. ಎತ್ತೋ ಕೂಲಿ, ವೈಂಡಿಂಗ್, ಇಳಿಸೋ ಕೂಲಿ, ಅಷ್ಟರೊಳಗೆ ಬಾಡುವ ಬೆಳೆ. ಎಷ್ಟೋ ಸಲ ಮೋಟರು ಸುಡುವ ಮೊದಲೇ ಸೂಚನೆ ಕೊಡುತ್ತದೆ. ಅದು ಎಳೆಯುವ ಆಂಪಿಯರ್ ಬದಲಾಗುತ್ತದೆ. ಅದನ್ನು ತಂತಿ ಬಿಚ್ಚದೆ ತೋರಿಸುವುದೇ ಕ್ಲ್ಯಾಂಪ್ ಮೀಟರ್. ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಟಾಂಗ್ ಟೆಸ್ಟರ್.

ಯಾವುದು ಸಾಕು?

ನಮಗೆ ಬೇಕಾಗುವುದು ವರ್ಷಕ್ಕೆ ನಾಲ್ಕಾರು ಸಲ. ಅದಕ್ಕೆ ಫ್ಲೂಕ್‌ನಂಥ ದುಬಾರಿ ಮೀಟರು ಬೇಕಿಲ್ಲ. ಮೆಕೊ, ಮೋಟ್ವಾನೆ ನಮ್ಮ ದೇಶದವು. ಯೂನಿ-ಟಿ, ಮಾಸ್ಟೆಕ್ ಚೀನಾದವು. ಎ.ಸಿ. ಮಾತ್ರ ಅಳೆಯುವ ಸಾದಾ ಮೀಟರು ಎರಡು-ಮೂರು ಸಾವಿರದೊಳಗೆ ಸಿಗುತ್ತದೆ. ಮೋಟರು ಒಂದು ಸಲ ಎತ್ತಿ ಇಳಿಸೋ ಖರ್ಚಿಗಿಂತ ಕಮ್ಮಿಯೇ.

ಅಂಗಡಿಯವರು 'ಸಾವಿರ ಆಂಪಿಯರ್‌ವರೆಗೂ ತೋರಿಸ್ತದೆ ನೋಡ್ರಿ' ಅಂತಾರೆ. ಆ ಸಾವಿರ ನಮಗ್ಯಾಕೆ? ಮೂರು ಫೇಸಿನ 5 ಎಚ್.ಪಿ. ಮೋಟರು ಎಳೆಯುವುದು ಸುಮಾರು 8 ಆಂಪಿಯರ್. ನೋಡಬೇಕಾದ್ದು ಕೆಳಗಿನ ರೇಂಜು. ಮೀಟರಿನ ಪುಸ್ತಕದಲ್ಲಿ '2.5% + 10 ಅಂಕಿ' ಎಂಬಂತೆ ತಪ್ಪಿನ ಅಳತೆ ಬರೆದಿರುತ್ತಾರೆ. ಕೊನೇ ಅಂಕಿ 0.1 ಆಂಪಿಯರಾಗಿದ್ದರೆ ಹತ್ತು ಅಂಕಿ ಅಂದರೆ 1 ಆಂಪಿಯರ್. ಎಂಟರಲ್ಲಿ ಒಂದು ಹೆಚ್ಚುಕಮ್ಮಿಯಾದರೆ ನೋಡಿದ್ದೂ ದಂಡ. ಕೊನೇ ಅಂಕಿ 0.01 ಆಗಿದ್ದರೆ ಅದೇ ಹತ್ತು ಅಂಕಿ 0.1 ಆಂಪಿಯರ್ ಮಾತ್ರ. ಹಾಗಾಗಿ 20, 40 ಅಥವಾ 60 ಆಂಪಿಯರ್ ರೇಂಜು ಇರುವುದನ್ನೇ ಕೇಳಿ.

ಸೋಲಾರ್ ಪಂಪು ಇದ್ದವರ ಲೆಕ್ಕ ಬೇರೆ. ಪ್ಯಾನೆಲ್‌ನಿಂದ ಬರುವುದು ಡಿ.ಸಿ. ಸಾದಾ ಮೀಟರು ಅದನ್ನು ಅಳೆಯದು. ಎ.ಸಿ., ಡಿ.ಸಿ. ಎರಡೂ ಅಳೆಯುವುದು ಬೇಕು. ಡ್ರೈವ್ ಮೂಲಕ ಓಡುವ ಮೋಟರಾದರೆ 'ಟ್ರೂ ಆರ್.ಎಂ.ಎಸ್.' ಎಂದು ಬರೆದಿರುವುದು ಒಳ್ಳೆಯದು. ನೇರ ಲೈನಿನ ಮೋಟರಿಗೆ ಇವೆರಡಕ್ಕೂ ದುಡ್ಡು ಹಾಕಬೇಡಿ.

ಎಲ್ಲಿ ಉಳಿಸಬಾರದು?

ಜೀವದ ವಿಷಯದಲ್ಲಿ. ನಾವು ಕೈಹಾಕುವುದು 415 ವೋಲ್ಟಿನ ಲೈನಿಗೆ. ಮೀಟರಿನ ಮೇಲೂ, ಅದರ ವೈರುಗಳ ಮೇಲೂ 'ಕ್ಯಾಟ್' ಎಂಬ ಇಂಗ್ಲಿಷ್ ಅಕ್ಷರದ ಮುಂದೆ ಮೂರು ಗೀಟು, 600 ವೋಲ್ಟ್ ಎಂದಿರಬೇಕು. ಮುಳ್ಳಿನ ಹತ್ತಿರ ಬೆರಳು ಜಾರದ ತಡೆ ಇರಬೇಕು. ಹೆಸರಿಲ್ಲದ ಅಗ್ಗದ ಮಾಲಿನ ಮೇಲೆ ಬರೀ ಅಚ್ಚು ನಂಬಬೇಡಿ.

ಅಂಕಿಯನ್ನು ಹಿಡಿದು ನಿಲ್ಲಿಸುವ 'ಹೋಲ್ಡ್' ಗುಂಡಿ, ಪರದೆಗೆ ಬೆಳಕು, ಇವೆರಡು ಕತ್ತಲೆಯ ಪಂಪುಮನೆಯಲ್ಲಿ ಉಪಯೋಗಕ್ಕೆ ಬರುತ್ತವೆ. ಕೆಲಸ ಮುಗಿದ ಮೇಲೆ ಸೆಲ್ ತೆಗೆದಿಡಿ. ಅಪರೂಪಕ್ಕೆ ಬಳಸುವ ಮೀಟರನ್ನು ಕೆಡಿಸುವುದು ಸೋರಿದ ಸೆಲ್ಲೇ.

ನೋಡುವ ಕ್ರಮ

ಮೋಟರು ಓಡುತ್ತಿರುವಾಗ ಸ್ಟಾರ್ಟರಿನಿಂದ ಹೊರಟ ತಂತಿಗಳನ್ನು ಒಂದೊಂದಾಗಿ ದವಡೆಯೊಳಗೆ ಹಿಡಿಯಿರಿ. ಹೊದಿಕೆ ಇರುವ ಜಾಗದಲ್ಲೇ ಹಿಡಿಯಬೇಕು. ಮೂರನ್ನೂ ಒಟ್ಟಿಗೆ ಹಿಡಿದರೆ ಮೀಟರು ಸೊನ್ನೆ ಹತ್ತಿರ ತೋರಿಸುತ್ತದೆ.

ಮೂರೂ ಹೆಚ್ಚುಕಮ್ಮಿ ಸಮ ಇದ್ದು, ಮೋಟರಿನ ತಗಡಿನ ಮೇಲಿನ ಅಂಕಿಯೊಳಗಿದ್ದರೆ ಚಿಂತೆಯಿಲ್ಲ. ಒಂದರಲ್ಲಿ ಸೊನ್ನೆ, ಉಳಿದೆರಡರಲ್ಲಿ ಜಾಸ್ತಿ ಬಂದರೆ ಒಂದು ಫೇಸು ಹೋಗಿದೆ, ತಕ್ಷಣ ನಿಲ್ಲಿಸಿ. ಮೂರರಲ್ಲೂ ಜಾಸ್ತಿ ಇದ್ದರೆ ವೋಲ್ಟೇಜು ಇಳಿದಿರಬಹುದು, ಪಂಪಿನಲ್ಲಿ ಮರಳು ಸೇರಿರಬಹುದು, ಬೇರಿಂಗ್ ಬಿಗಿದಿರಬಹುದು. ಮೂರರಲ್ಲೂ ತೀರ ಕಮ್ಮಿಯಾಗಿ, ನೀರೂ ಕಮ್ಮಿಯಾದರೆ ಬೋರಿನಲ್ಲಿ ನೀರು ಇಳಿದಿರಬಹುದು.

ಒಂದು ಫೇಸು ಮಾತ್ರ ಜಾಸ್ತಿ ಎಳೆಯುತ್ತಿದ್ದರೆ ಕಂಬದ ದೋಷವೋ, ಮೋಟರಿನದೋ? ಮೇನ್ ಆಫ್ ಮಾಡಿ, ತಿಳಿದವರ ಕೈಲಿ ಮೋಟರಿಗೆ ಹೋಗುವ ಮೂರೂ ತಂತಿಗಳನ್ನು ಒಂದೊಂದು ಮನೆ ಮುಂದಕ್ಕೆ ಸರಿಸಿ ಕಟ್ಟಿಸಿ. ಮೂರನ್ನೂ ಸುತ್ತು ಹಾಕಿ ಸರಿಸಿದರೆ ಮೋಟರು ತಿರುಗುವ ದಿಕ್ಕು ಬದಲಾಗದು. ಮತ್ತೆ ಅಳೆಯಿರಿ. ಜಾಸ್ತಿ ಅಂಕಿ ಮೋಟರಿನ ತಂತಿಯ ಜತೆ ಸರಿದರೆ ದೋಷ ಮೋಟರಿನದು ಇಲ್ಲವೇ ಅದರ ಕೇಬಲಿನದು. ಹಳೇ ಮನೆಯಲ್ಲೇ ಉಳಿದರೆ ಲೈನಿನದು. ಸುಮ್ಮನೆ ಮೋಟರು ಎತ್ತುವ ಖರ್ಚು ಇದರಿಂದ ಉಳಿಯುತ್ತದೆ.

ಅಕ್ಕಪಕ್ಕದ ಹೊಲದ ನಾಲ್ಕು ಜನ ಸೇರಿ ಒಂದು ಮೀಟರು ತಂದರೂ ನಡೆಯುತ್ತದೆ. ನಾನು ಮೋಟರು ಚೆನ್ನಾಗಿ ಓಡುತ್ತಿರುವಾಗಲೇ ಮೂರೂ ಫೇಸಿನ ಆಂಪಿಯರು, ತಾರೀಖು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗೆ ಬಣ್ಣದಲ್ಲಿ ಬರೆದಿಟ್ಟಿದ್ದೇನೆ. ಆರೋಗ್ಯದ ಅಂಕಿ ಗೊತ್ತಿದ್ದರೆ ತಾನೆ ರೋಗ ಗೊತ್ತಾಗೋದು?