ಕಾಲನಿಯೋಜಕ ತಂತ್ರಾಂಶದ ವಿವರಣೆಯೂ ಮೀಮಾಂಸಕರ ಕ್ರಮವಿಚಾರವೂ

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯು ವಾರಾಹಿ ಜಲವಿದ್ಯುತ್ ಯೋಜನೆಯ ಸೀಮೆಗೆ ಸೇರಿದ ಊರು. ಮಾಣಿಯ ಅಣೆಕಟ್ಟೆಯಲ್ಲಿ ತಡೆದ ನೀರು ಘಟ್ಟವನ್ನಿಳಿದು, ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ತಲಾ 115 ಮೆಗಾವಾಟಿನ 4 ಯಂತ್ರಗಳನ್ನು ತಿರುಗಿಸುವುದು. ಭಾರತದ ವಿದ್ಯುಜ್ಜಾಲದ ವ್ಯವಹಾರದಲ್ಲಿ ದಿನವೊಂದನ್ನು 15 ನಿಮಿಷಗಳ 96 ಖಂಡಗಳಾಗಿ ವಿಭಾಗಿಸಿ, ಯಾವ ಖಂಡದಲ್ಲಿ ಎಷ್ಟು ವಿದ್ಯುತ್ತು ಹುಟ್ಟಬೇಕೆಂಬುದನ್ನು ಮುಂಚಿತವಾಗಿ ಗೊತ್ತುಮಾಡುವರು. ನಡುರಾತ್ರಿಯಿಂದ ಎಣಿಸಿದರೆ ಸಂಜೆ 6 ಗಂಟೆಗೆ 73ನೆಯ ಖಂಡವು ಮೊದಲಾಗುವುದು. ಆದರೆ ಒಬ್ಬನು ಒಂದರಿಂದಲೂ ಮತ್ತೊಬ್ಬನು ಸೊನ್ನೆಯಿಂದಲೂ ಎಣಿಸಿದರೆ, 73 ಎಂಬ ಒಂದೇ ಅಂಕಕ್ಕೆ ಕಾಲು ಗಂಟೆಯ ವ್ಯತ್ಯಾಸವುಂಟಾಗುವುದು. ಒಂದು ಯಂತ್ರದ ಪೂರ್ಣಶಕ್ತಿಯ ಲೆಕ್ಕದಲ್ಲಿ ಅದು 28,750 ಯೂನಿಟ್ಟುಗಳಷ್ಟು.

ಅನುಭವಿಯಾದ ಕಾರ್ಯಸ್ಥನು ಇಂತಹ ಸಂಶಯವು ಬಂದೊಡನೆ ಬಲ್ಲವರನ್ನು ಕೇಳುವನು. ಈಗ ವೇಳಾಪಟ್ಟಿಯ ಕೆಲಸಗಳನ್ನು ಒಪ್ಪಿಸುವ ರೂಢಿ ಬರುತ್ತಿರುವ ಎಐ ಏಜೆಂಟು ಹಾಗಲ್ಲ. ಹೇಳದೆ ಬಿಟ್ಟುದನ್ನು ಎಷ್ಟೋ ಸಲ ತಾನೇ ಊಹಿಸಿ ತುಂಬಿಕೊಂಡು ಮುಂದುವರಿಯುವುದು. (ವಾರಾಹಿಯ ಕಾರ್ಯವು ಇಂತಹ ಏಜೆಂಟಿನ ಕೈಯಲ್ಲಿದೆಯೆಂದು ತಿಳಿಯಬಾರದು, ಇಲ್ಲಿ ಅದು ದೃಷ್ಟಾಂತಮಾತ್ರ.) 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಪದ್ಧತಿಯಲ್ಲಿ ಸಾಧನದ ಹೆಸರು, ಅದರ ವಿವರಣೆ, ಅದಕ್ಕೆ ಕೊಡತಕ್ಕ ಮೌಲ್ಯಗಳ ರೂಪ ಇವುಗಳೇ ಏಜೆಂಟಿಗೆ ದೊರೆಯುವುವು. ವಿವರಣೆಯ ನಾಲ್ಕು ವಾಕ್ಯಗಳೇ ಅದಕ್ಕೆ ಗುರು, ಅವೇ ಗ್ರಂಥ. ಆದುದರಿಂದ ಆ ವಾಕ್ಯಗಳನ್ನು ವಿಧಿವಾಕ್ಯಗಳೆಂದೇ ಭಾವಿಸಿ ಬರೆಯುವುದು ಯುಕ್ತ.

ವಿಧಿಯನ್ನು ಕೇಳಿದವನು ಏನನ್ನು, ಯಾವುದರ ಅನಂತರ ಮಾಡಬೇಕೆಂಬ ವಿಚಾರವು ನಮ್ಮ ದೇಶದಲ್ಲಿ ಹೊಸದಲ್ಲ. ಜೈಮಿನಿಯ ಪೂರ್ವಮೀಮಾಂಸೆಯಲ್ಲಿ ಐದನೆಯ ಅಧ್ಯಾಯವು ಕ್ರಮಕ್ಕೇ ಮೀಸಲಾದುದು. ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂಬ ಆರು ಪ್ರಮಾಣಗಳಿಂದ ಕ್ರಮವು ನಿರ್ಣಯವಾಗುವುದೆಂದೂ, ಮೊದಲಿನದು ಮುಂದಿನದಕ್ಕಿಂತ ಬಲವತ್ತರವೆಂದೂ ಮೀಮಾಂಸಕರ ಸಿದ್ಧಾಂತ. 'ಇದನ್ನು ಮಾಡಿದ ಮೇಲೆ ಅದನ್ನು' ಎಂದು ಶಬ್ದದಿಂದಲೇ ಹೇಳಿದ್ದರೆ ಅದು ಶ್ರುತಿಕ್ರಮ. ಅಗ್ನಿಹೋತ್ರದ ಹೋಮವನ್ನು ಮೊದಲು ಹೇಳಿ ಗಂಜಿಯ ಪಾಕವನ್ನು ಆಮೇಲೆ ಹೇಳಿದ್ದರೂ, ಬೇಯಿಸದ ಗಂಜಿಯಿಂದ ಹೋಮವು ಆಗದಾದ ಕಾರಣ ಪಾಕವೇ ಮೊದಲಾಗುವುದು, ಇದು ಅರ್ಥಕ್ರಮ. ಬರೆದಿರುವ ಅನುಪೂರ್ವಿಯನ್ನೇ ಹಿಡಿಯುವುದು ಪಾಠಕ್ರಮ.

ಏಜೆಂಟಿಗೆ ಸುಲಭವಾದುದು ಪಾಠಕ್ರಮವೇ. ಸಾಧನಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, 'ಕೆಲಸವನ್ನು ನೇಮಿಸುವುದು' ಎಂಬುದನ್ನು 'ಬಿಡುವಿನ ವೇಳೆಯನ್ನು ನೋಡುವುದು' ಎಂಬುದಕ್ಕಿಂತ ಮೇಲೆ ಬರೆದಿದ್ದರೆ, ಅದು ನೋಡದೆಯೇ ನೇಮಿಸುವ ಸಂಭವವುಂಟು. ಅರ್ಥದಿಂದ ಕ್ರಮವು ತಾನೇ ತಿಳಿಯುವುದಿಲ್ಲವೆ ಎಂದು ಕೆಲವರು ಕೇಳಬಹುದು. ಗಂಜಿಯ ವಿಷಯದಲ್ಲಿ ತಿಳಿಯುವುದು, ಏಕೆಂದರೆ ಬೇಯಿಸದಿದ್ದರೆ ಹೋಮದ್ರವ್ಯವೇ ಇಲ್ಲ. ಇಲ್ಲಿಯಾದರೋ ಬಿಡುವನ್ನು ನೋಡದಿದ್ದರೂ ನೇಮಕವು ನಡೆದುಹೋಗುವುದು, ತಪ್ಪಾಗಿ ನಡೆಯುವುದು ಅಷ್ಟೆ. ಇಂತಹ ಎಡೆಯಲ್ಲಿ ಶ್ರುತಿಯನ್ನೇ ಬರೆಯಬೇಕು.

ಇನ್ನು ಕಾಲವಾಚಕ ಶಬ್ದಗಳ ವಿಚಾರ. ಯೂನಿಕ್ಸ್ ವ್ಯವಸ್ಥೆಯ ಕ್ರಾನ್ ಎಂಬ ಹಳೆಯ ಕಾಲನಿಯೋಜಕಕ್ಕೆ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂದು ಐದು ಅಂಗಗಳು. ಪಂಚಾಂಗಕ್ಕೂ ಐದೇ ಎಂಬುದು ಕಾಕತಾಳೀಯವಾದರೂ ಹೋಲಿಕೆಯು ಪ್ರಯೋಜನಕಾರಿಯಾಗಿದೆ. ಸೋಮವಾರವೂ ಅಮಾವಾಸ್ಯೆಯೂ ಕೂಡಿದರೆ ಮಾತ್ರ ಸೋಮವತಿಯೆಂದು ಹಳ್ಳಿಯವರೂ ಬಲ್ಲರು. ಪಾಲ್ ವಿಕ್ಸಿಯು 1987ರಲ್ಲಿ ರಚಿಸಿದ ಕ್ರಾನಿನಲ್ಲಿ ಹಾಗಲ್ಲ. ತಾರೀಖನ್ನೂ ವಾರವನ್ನೂ ಎರಡನ್ನೂ ನಿಯಮಿಸಿದರೆ, ಯಾವುದಾದರೊಂದು ಒದಗಿದರೂ ಕೆಲಸವು ನಡೆಯುವುದು. 13ನೆಯ ತಾರೀಖು, ಶುಕ್ರವಾರ ಎಂದು ಬರೆದವನಿಗೆ ಎಲ್ಲಾ 13ನೆಯ ತಾರೀಖುಗಳೂ ಎಲ್ಲಾ ಶುಕ್ರವಾರಗಳೂ ದೊರೆಯುವುವು! ಸಮುಚ್ಚಯವೆಂದು ಲೋಕವು ತಿಳಿಯುವ ಕಡೆ ಸಾಧನವು ಬೇರೆ ರೀತಿ ಗ್ರಹಿಸುವುದಾದರೆ ವಿವರಣೆಯಲ್ಲಿ ಅದನ್ನು ಮೊದಲು ಹೇಳಬೇಕು.

ವಾರವು ಎಲ್ಲಿ ಬದಲಾಗುವುದೆಂಬುದೂ ಹಾಗೆಯೇ. ಮಾಸ್ತಿಕಟ್ಟೆಯಲ್ಲಿ ಸೋಮವಾರ ಬೆಳಗಿನ ಜಾವ 5 ಗಂಟೆ ಎಂದರೆ ಸೂರ್ಯೋದಯವಾಗದ ಕಾರಣ ಪಂಚಾಂಗದಂತೆ ಇನ್ನೂ ಭಾನುವಾರ. ಭಾರತದ ಗಡಿಯಾರವು ಸಾರ್ವತ್ರಿಕ ಕಾಲಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ಆ ಕಾಲವನ್ನು ಹಿಡಿದ ಕಂಪ್ಯೂಟರಿಗೂ ಆಗ ಭಾನುವಾರ ರಾತ್ರಿ 11 ಗಂಟೆ 30 ನಿಮಿಷ. ಊರಿನ ಗೋಡೆಯ ಗಡಿಯಾರಕ್ಕೆ ಮಾತ್ರ ಸೋಮವಾರ. ಆದುದರಿಂದ 'ಪ್ರತಿ ಸೋಮವಾರ 5 ಗಂಟೆ' ಎಂಬ ವಾಕ್ಯವು ಕಾಲಪ್ರಮಾಣದ ನಿರ್ದೇಶವಿಲ್ಲದೆ ಅಪೂರ್ಣವೆಂದೇ ಎಣಿಸತಕ್ಕದ್ದು.

ಆವೃತ್ತಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಉತ್ತರವು ಬಾರದಿದ್ದಾಗ ಏಜೆಂಟು ಅದೇ ಆಜ್ಞೆಯನ್ನು ಮತ್ತೆ ಕಳುಹಿಸಬಹುದು. ಆಗ ಒಂದೇ ನೇಮಕವು ನಿಲ್ಲುವುದೋ ಎರಡಾಗುವುದೋ ಎಂಬುದು ವಿವರಣೆಯಲ್ಲಿರಬೇಕು. ಮೇಲೆ ಹೇಳಿದ ಪ್ರೋಟೋಕಾಲಿಗೆ 2025ರಲ್ಲಿ ಇದನ್ನು ಸೂಚಿಸುವ ಗುರುತೊಂದು ಸೇರಿತು; ಆದರೆ ಗುರುತು ಸೂಚನೆಯೇ ಹೊರತು ಪ್ರಮಾಣವಲ್ಲ.

ಕಾಲಾತಿಕ್ರಮದ ಪ್ರಶ್ನೆ ಉಳಿದಿದೆ. ಗೊತ್ತಾದ ಹೊತ್ತಿಗೆ ಯಂತ್ರವು ನಿಂತಿದ್ದರೆ ಕ್ರಾನ್ ಆ ಕೆಲಸವನ್ನು ಬಿಟ್ಟುಬಿಡುವುದು. ಅನಾಕ್ರಾನ್ ಎಂಬುದು ಯಂತ್ರವು ಎದ್ದ ಮೇಲೆ ಅದನ್ನು ಮಾಡುವುದು. ಎರಡರಲ್ಲಿ ಯಾವುದು ಸರಿಯೆಂಬುದು ಕೆಲಸವನ್ನು ಅವಲಂಬಿಸಿದೆ. ದಿನದ ಲೆಕ್ಕಪತ್ರವನ್ನು ಕಳುಹಿಸುವುದು ತಡವಾದರೂ ಆಗಬೇಕು. ಸಂಜೆಯ 73ನೆಯ ಖಂಡದಲ್ಲಿ ತಪ್ಪಿದ ಉತ್ಪಾದನೆಯನ್ನು ನಡುರಾತ್ರಿಯಲ್ಲಿ ತುಂಬಿಕೊಡಲು ಹೋದರೆ ಮಾಣಿಯ ನೀರು ವ್ಯರ್ಥವಾಗಿ ಇಳಿಯುವುದು, ದೀಪ ಬೇಕಾದವರಿಗೆ ದೀಪವು ಬಂದಂತಾಗದು. ತಪ್ಪಿದರೆ ಬಿಡತಕ್ಕದ್ದು, ತಪ್ಪಿದರೂ ಮಾಡತಕ್ಕದ್ದು ಎಂಬ ಎರಡರಲ್ಲೊಂದನ್ನು ಪ್ರತಿಯೊಂದು ಕೆಲಸದ ಎದುರಿಗೂ ಬರೆದಿಡಬೇಕು.