ಮಕ್ಕಳ ಗೂರಲು ಮತ್ತು ಅದರ ಹತೋಟಿ: ಪಶ್ಚಿಮ ಬೆಂಗಳೂರನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಚರಕಸಂಹಿತೆಯಲ್ಲಿ ಐದು ಬಗೆಯ ಶ್ವಾಸರೋಗಗಳನ್ನು ಹೇಳಿದೆ. ಅವುಗಳಲ್ಲಿ ತಮಕಶ್ವಾಸವೆಂಬುದರ ಲಕ್ಷಣಗಳನ್ನು ಓದಿದವರಿಗೆ, ನಾವು ಇಂದು ಗೂರಲು, ಉಬ್ಬಸ, ಆಸ್ತಮ ಎಂದು ಕರೆಯುವ ವ್ಯಾಧಿ ಅದೇ ಇರಬೇಕೆಂದು ಕೂಡಲೇ ತೋರುತ್ತದೆ. ರೋಗಿಗೆ ಮಲಗಿದರೆ ಸಂಕಟ, ಎದ್ದು ಕುಳಿತರೆ ಸಮಾಧಾನ; ಮೋಡ, ಮಳೆ, ಚಳಿ, ಮೂಡಣ ಗಾಳಿ ಇವುಗಳಿಂದ ರೋಗದ ಉಲ್ಬಣ. ಈ ವರ್ಣನೆಗಿಂತಲೂ ಗಮನಾರ್ಹವಾದುದು ಆ ಗ್ರಂಥವು ಈ ರೋಗವನ್ನು 'ಯಾಪ್ಯ'ವೆಂದು ಎಣಿಸಿರುವುದು. ಬೇರುಸಹಿತ ಕಿತ್ತೊಗೆಯಲು ಆಗದಿದ್ದರೂ ತಕ್ಕ ಉಪಚಾರ ನಡೆಯುತ್ತಿರುವಷ್ಟು ಕಾಲ ಅಡಗಿ ನಿಲ್ಲತಕ್ಕ ರೋಗ ಯಾಪ್ಯ. ಇಂದಿನ ವೈದ್ಯರು 'ಹತೋಟಿ' ಎಂಬ ಮಾತನ್ನು ಬಳಸುವುದು ಬಹುಮಟ್ಟಿಗೆ ಇದೇ ಅರ್ಥದಲ್ಲಿ. ಆದರೆ ನಮ್ಮ ಮನೆಗಳಲ್ಲಿ ಈ ಅರ್ಥ ಇನ್ನೂ ನೆಲೆಗೊಂಡಿಲ್ಲ. ಮಗುವಿಗೆ ಉಬ್ಬಸ ಬಂದಾಗ ಔಷಧ, ಹೋದಾಗ ಮರೆವು, ಇದೇ ವಾಡಿಕೆ. ಮಗುವಿನ ಗೂರಲು ಹತೋಟಿಯಲ್ಲಿರುವುದೋ ಇಲ್ಲವೋ ಎಂಬುದು ಉಬ್ಬಸವಿಲ್ಲದ ದಿನಗಳಲ್ಲಿ ನಾವು ಏನು ಮಾಡುತ್ತೇವೆಂಬುದನ್ನೇ ಹೆಚ್ಚಾಗಿ ಅವಲಂಬಿಸಿದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ಉಬ್ಬಸ ಬಂದಾಗ ಶ್ವಾಸನಾಳದ ಸುತ್ತಣ ಸ್ನಾಯುಗಳು ಬಿಗಿಯುತ್ತವೆ, ಒಳಪೊರೆ ಊದಿಕೊಳ್ಳುತ್ತದೆ, ಅಂಟಾದ ಕಫ ದಾರಿಯನ್ನು ಕಟ್ಟುತ್ತದೆ. ಸ್ನಾಯುಗಳ ಬಿಗಿತ ಕೆಲವು ನಿಮಿಷಗಳಲ್ಲಿ ಸಡಿಲಬಹುದು. ಒಳಪೊರೆಯ ಉರಿಯೂತ ಹಾಗಲ್ಲ. ಮಗು ನಗುನಗುತ್ತ ಶಾಲೆಗೆ ಹೋಗುವ ದಿನಗಳಲ್ಲಿಯೂ ಅದು ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತದೆ. ಆದುದರಿಂದಲೇ ಔಷಧಗಳಲ್ಲಿ ಎರಡು ವರ್ಗ. ಸಾಲ್ಬ್ಯುಟಮಾಲ್ ಮೊದಲಾದ ಶಮನೌಷಧಗಳು ಸ್ನಾಯುಗಳನ್ನು ಸಡಿಲಿಸುತ್ತವೆ, ಉರಿಯೂತವನ್ನು ಮುಟ್ಟುವುದಿಲ್ಲ. ಬ್ಯೂಡೆಸೊನೈಡ್, ಬೆಕ್ಲೊಮೆಥಸೋನ್ ಮೊದಲಾದ, ಉಸಿರಿನೊಡನೆ ಸೇದುವ ಸ್ಟೀರಾಯ್ಡುಗಳು ತಡೆಯೌಷಧಗಳು. ಅವು ಉರಿಯೂತವನ್ನು ತಗ್ಗಿಸುತ್ತವೆ, ಆದರೆ ನಿತ್ಯವೂ ಸೇವಿಸಿದಾಗ, ದಿನ-ವಾರಗಳ ಮೇಲೆ. ಮೊದಲನೆಯದರ ಗುಣ ಕಣ್ಣಿಗೆ ಕಾಣುತ್ತದೆ, ಎರಡನೆಯದರದು ಕಾಣುವುದಿಲ್ಲ. ಹೀಗಾಗಿ ತಾಯಿತಂದೆಯರ ನಂಬಿಕೆಯೆಲ್ಲ ಮೊದಲನೆಯದರ ಕಡೆಗೆ ಹರಿಯುವುದು ಸಹಜವೇ ಆಗಿದೆ.

ಈ ನಂಬಿಕೆಯ ಬೆಲೆ ಏನೆಂಬುದನ್ನು ಇತಿಹಾಸ ಒಮ್ಮೆ ತೋರಿಸಿಕೊಟ್ಟಿದೆ. ಒತ್ತಿದರೆ ಗೊತ್ತಾದ ಅಳತೆಯ ಔಷಧವನ್ನು ಹೊಮ್ಮಿಸುವ ಪಂಪು ಅಮೆರಿಕದಲ್ಲಿ ೧೯೫೬ರಲ್ಲಿ ಬಳಕೆಗೆ ಬಂತು. ಮುಂದಿನ ದಶಕದಲ್ಲಿ ಐಸೊಪ್ರೆನಲಿನ್ ಎಂಬ ಶಮನೌಷಧದ ಪಂಪು ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಧಾರಾಳವಾಗಿ ಮಾರಾಟವಾಯಿತು. ಅದೇ ಕಾಲದಲ್ಲಿ ಗೂರಲಿನಿಂದ ಸಾಯುವವರ ಸಂಖ್ಯೆ ಏರಿತು. ಏರಿಕೆ ೧೦ರಿಂದ ೧೪ರ ವಯಸ್ಸಿನವರಲ್ಲಿ ಅತ್ಯಧಿಕವಾಗಿತ್ತು. ಎಚ್ಚರಿಕೆ ಕೊಟ್ಟು ಮಾರಾಟಕ್ಕೆ ನಿರ್ಬಂಧ ಹಾಕಿದ ಮೇಲೆ ಅದು ಇಳಿಯಿತು. ದೋಷ ಔಷಧದ ಹೆಚ್ಚಳದ್ದೋ, ಪಂಪನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದುದರದ್ದೋ ಎಂಬ ಚರ್ಚೆ ಬಹುಕಾಲ ನಡೆಯಿತು. ಇಂದಿನ ಶಮನೌಷಧಗಳು ಅದಕ್ಕಿಂತ ಸುರಕ್ಷಿತವಾದವು. ಆದರೂ ೧೨ ವರ್ಷ ಮತ್ತು ಮೇಲ್ಪಟ್ಟವರಿಗೆ ಶಮನೌಷಧವೊಂದರಿಂದಲೇ ಚಿಕಿತ್ಸೆ ನಡೆಸಕೂಡದೆಂದು ಗೂರಲನ್ನು ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ ೨೦೧೯ರಲ್ಲಿ ವಿಧಿಸಿತು.

ಬೆಂಗಳೂರಿನ ಅಂಕಿಅಂಶಗಳು ವಾಚಕರಿಗೆ ಪರಿಚಿತವಿರಬಹುದು. ಮಕ್ಕಳ ಶ್ವಾಸರೋಗತಜ್ಞ ಡಾ. ಎಚ್. ಪರಮೇಶ್ ಅವರು ನಗರದಲ್ಲಿ ತಮ್ಮ ಆಸ್ಪತ್ರೆಗೆ ಬಂದ ೨೦,೦೦೦ ಮಕ್ಕಳ ಲೆಕ್ಕದಿಂದ, ೧೯೭೯ರಲ್ಲಿ ನೂರಕ್ಕೆ ೯ರಷ್ಟಿದ್ದ ಗೂರಲು ೧೯೯೯ರ ವೇಳೆಗೆ ೨೯.೫ಕ್ಕೆ ಏರಿತೆಂದು ವರದಿಮಾಡಿದರು. ಇದನ್ನು ಇಡೀ ನಗರದ ಮಕ್ಕಳ ಲೆಕ್ಕವೆಂದು ಓದುವುದು ಸರಿಯಲ್ಲ. ಆಸ್ಪತ್ರೆಯ ಬಾಗಿಲಿಗೆ ಬಂದವರ ಲೆಕ್ಕ ಬೇರೆ, ಬೀದಿಯಲ್ಲಿ ಆಡುತ್ತಿರುವವರ ಲೆಕ್ಕ ಬೇರೆ. ಅವರೇ ಶಾಲೆಗಳಲ್ಲಿ ನಡೆಸಿದ ಸಮೀಕ್ಷೆ ನಮ್ಮ ಮಟ್ಟಿಗೆ ಹೆಚ್ಚು ಬೋಧಪ್ರದವಾದುದು. ವಾಹನಸಂಚಾರ ಕಡಮೆಯಿರುವ ಕಡೆಯ ಶಾಲೆಗಳಲ್ಲಿ ನೂರಕ್ಕೆ ೧೧ರಷ್ಟು ಮಕ್ಕಳಿಗೆ ಗೂರಲಿದ್ದರೆ, ಸಂಚಾರ ದಟ್ಟವಾಗಿರುವ ಕಡೆ ೧೯. ಅಂಥ ಕಡೆಯೇ ಬಡವರ ಮಕ್ಕಳು ಓದುವ ಶಾಲೆಗಳಲ್ಲಿ ೩೧. ಹೊಗೆ ಒಂದೇ ರಸ್ತೆಯದು. ಆದರೂ ಇಕ್ಕಟ್ಟಾದ ಮನೆ, ಗಾಳಿಯಾಡದ ಅಡುಗೆಮೂಲೆ, ತಿಂಗಳು ತಿಂಗಳೂ ಔಷಧ ಕೊಳ್ಳಲಾರದ ಕೈ ಇವು ಅದರೊಡನೆ ಸೇರಿದಾಗ ಫಲ ಬೇರೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಕಡೆ, ಮೈಸೂರೂ ಸೇರಿದಂತೆ ದೇಶದ ಒಂಬತ್ತು ಕೇಂದ್ರಗಳಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಉಬ್ಬಸದ ಲಕ್ಷಣವಿದ್ದವರಲ್ಲಿ ಸುಮಾರು ಐವರಿಗೆ ನಾಲ್ವರು ತಮಗಿರುವುದು ಗೂರಲೆಂದು ವೈದ್ಯರಿಂದ ಕೇಳಿಯೇ ಇಲ್ಲವೆಂದು ತಿಳಿಸಿತು. ಹೆಸರೇ ಇಡದ ರೋಗಕ್ಕೆ ನಿತ್ಯದ ಔಷಧವೆಲ್ಲಿಂದ ಬರಬೇಕು?

ಈ ಸಂಗತಿಗಳನ್ನು ಪಶ್ಚಿಮ ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರಕ್ಕೆ ಅನ್ವಯಿಸಿ ನೋಡಬಹುದು. ನಾಗರಬಾವಿಗೆ ಅಂಟಿಕೊಂಡು ಬೆಳೆದ ಬಡಾವಣೆ ಇದು. ಹತ್ತಿರದಲ್ಲೇ ಹೊರವರ್ತುಲ ರಸ್ತೆ. ಉತ್ತರಕ್ಕೆ ಮಾಗಡಿ ರಸ್ತೆ, ಅದರಾಚೆ ಪೀಣ್ಯದ ಕಾರ್ಖಾನೆಗಳು. ದಕ್ಷಿಣಕ್ಕೆ ಸಾವಿರ ಎಕರೆಯನ್ನೂ ಮೀರಿದ ಜ್ಞಾನಭಾರತಿಯ ಹಸುರು. ಹೊಗೆ ಕೆಟ್ಟದ್ದು, ಹಸುರು ಒಳ್ಳೆಯದು ಎಂಬ ಸುಲಭ ವಿಭಾಗ ಇಲ್ಲಿ ಸಾಲದು. ಜ್ಞಾನಭಾರತಿಯ ಸಸ್ಯಶಾಸ್ತ್ರ ವಿಭಾಗದಲ್ಲಿದ್ದ ಪ್ರೊ. ಶ್ರೀಪಾದ ಅಗಾಶೆ ಅವರು ನಗರದ ಗಾಳಿಯಲ್ಲಿ ತೇಲುವ ಪರಾಗವನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಹುಲ್ಲುಗಳು, ನೀಲಗಿರಿ, ಸರ್ವೆ, ಪಾರ್ಥೇನಿಯಂ ಇವುಗಳ ಪರಾಗ ಅದರಲ್ಲಿ ಮುಖ್ಯವಾಗಿ ಕಂಡುಬಂದವು. ಖಾಲಿ ನಿವೇಶನಗಳನ್ನೆಲ್ಲ ಆಕ್ರಮಿಸುವ ಪಾರ್ಥೇನಿಯಂ ಎಳೆಯರಲ್ಲಿಯೂ ಹಿರಿಯರಲ್ಲಿಯೂ ಸೀನು, ಮೂಗುಸೋರಿಕೆಗಳನ್ನು ತರುತ್ತದೆಂಬುದನ್ನು ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಪಿ. ವಿ. ಸುಬ್ಬರಾವ್ ಅವರೂ ಸಂಗಡಿಗರೂ ವಿಶದವಾಗಿ ಅಭ್ಯಸಿಸಿದ್ದಾರೆ. ಮೂಗಿನ ಅಲರ್ಜಿಯನ್ನು ಅಲಕ್ಷಿಸಿದ ಮಗುವಿನಲ್ಲಿ ಗೂರಲು ಹತೋಟಿಗೆ ಬರುವುದು ಕಷ್ಟ; ಮೂಗು ಶ್ವಾಸನಾಳಗಳು ಒಂದೇ ದಾರಿಯ ಎರಡು ತುದಿಗಳಷ್ಟೆ.

ಜೂನ್ ತಿಂಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಮುಂಗಾರಿನ ತೇವದೊಡನೆ ಹಾಸಿಗೆ ದಿಂಬುಗಳಲ್ಲಿ ಧೂಳಿನ ನುಸಿ ಹೆಚ್ಚುತ್ತದೆ. ಆಗತಾನೇ ಶಾಲೆಗಳು ತೆರೆದಿರುವುದರಿಂದ ನೆಗಡಿಯ ವೈರಸ್ಸುಗಳು ಮಗುವಿನಿಂದ ಮಗುವಿಗೆ ಹರಡುತ್ತವೆ. ಶಾಲೆಗೆ ಹೋಗುವ ಮಕ್ಕಳ ಉಬ್ಬಸದಲ್ಲಿ ಹೆಚ್ಚಿನ ಪಾಲು ನೆಗಡಿಯಿಂದಲೇ ಹೊರಡುವುದು. ಮೃಗಶಿರಾ ಮಳೆ ಹೊಕ್ಕ ದಿನ ಮೀನಿನ ಔಷಧಕ್ಕೆಂದು ನಮ್ಮ ಜನ ಹೈದರಾಬಾದಿಗೆ ಹೋಗುವ ಪದ್ಧತಿಯುಂಟು. ಆ ಔಷಧದ ಗುಣಕ್ಕೆ ಶಾಸ್ತ್ರೀಯ ಆಧಾರ ದೊರೆತಿಲ್ಲ. ಆದರೆ ಉಬ್ಬಸ ಕೆರಳುವ ಕಾಲವನ್ನು ಜನ ಸರಿಯಾಗಿಯೇ ಗುರುತಿಸಿದ್ದಾರೆ. ಮೇ ತಿಂಗಳ ರಜೆಯಲ್ಲಿ ಮಗು ಚೆನ್ನಾಗಿದೆಯೆಂದು ತಡೆಯೌಷಧವನ್ನು ನಿಲ್ಲಿಸುವ ಮನೆಯವರು ಅತ್ಯಂತ ಅನುಚಿತವಾದ ಗಳಿಗೆಯನ್ನೇ ಆರಿಸಿಕೊಂಡಂತಾಗುತ್ತದೆ.

ಮನೆಯೊಳಗಿನ ಗಾಳಿಯ ವಿಷಯದಲ್ಲಿ ಒಂದೇ ಉದಾಹರಣೆ ಸಾಕು. ಸೊಳ್ಳೆಬತ್ತಿಯೊಂದು ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮಕಣಗಳು ೭೫ರಿಂದ ೧೩೭ ಸಿಗರೇಟುಗಳಿಗೆ ಸಮವೆಂದು ೨೦೦೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು. ಸೊಳ್ಳೆಪರದೆಗೆ ಈ ದೋಷವಿಲ್ಲ. ಮೊಸರು, ಬಾಳೆಹಣ್ಣು, ಸೀಬೆಹಣ್ಣುಗಳನ್ನು 'ತಂಪು' ಎಂದು ಮಗುವಿಗೆ ನಿಷೇಧಿಸುವ ಅದೇ ಮನೆಯಲ್ಲಿ, ಮುಚ್ಚಿದ ಕೋಣೆಯೊಳಗೆ ಈ ಬತ್ತಿ ರಾತ್ರಿಯಿಡೀ ಉರಿಯುವುದುಂಟು! ನಿಶ್ಚಿತವಾದ ಅಲರ್ಜಿ ಇದ್ದಲ್ಲಿ ಹೊರತು ಆಹಾರನಿಷೇಧದಿಂದ ಗೂರಲಿಗೆ ಉಪಯೋಗವಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ಅಡ್ಡಿಗೆ ಬರೋಣ. 'ಪಂಪು ಹಿಡಿದರೆ ಬಿಡಲಾಗದು', 'ಸ್ಟೀರಾಯ್ಡಿನಿಂದ ಬೆಳವಣಿಗೆ ನಿಲ್ಲುತ್ತದೆ' ಎಂಬ ಭಯ ಅದು. ಸೇದುವ ಸ್ಟೀರಾಯ್ಡು ಚಟಹಿಡಿಸುವ ವಸ್ತುವಲ್ಲ. ಬೆಳವಣಿಗೆಯ ಪ್ರಶ್ನೆಗೆ ಮಾತ್ರ ಪ್ರಾಮಾಣಿಕವಾದ ಉತ್ತರ ಕೊಡಬೇಕು. ಅಮೆರಿಕದಲ್ಲಿ ೧,೦೪೧ ಮಕ್ಕಳನ್ನು ಸೇರಿಸಿಕೊಂಡು ನಡೆದ ಪರೀಕ್ಷೆಯಲ್ಲಿ, ನಾಲ್ಕಾರು ವರ್ಷ ನಿತ್ಯವೂ ಬ್ಯೂಡೆಸೊನೈಡ್ ಸೇದಿದವರು ಪ್ರಾಪ್ತವಯಸ್ಕರಾದಾಗ, ಔಷಧವಿಲ್ಲದ ಪಂಪನ್ನು ಸೇದಿದವರಿಗಿಂತ ಸರಾಸರಿ ೧.೨ ಸೆಂಟಿಮೀಟರು ಗಿಡ್ಡವಾಗಿದ್ದರೆಂದು ೨೦೧೨ರಲ್ಲಿ ಪ್ರಕಟವಾಯಿತು. ಭಯಕ್ಕೆ ಆಧಾರವಿದೆ, ಆದರೆ ಅದರ ಅಳತೆ ಇಷ್ಟು. ಹತೋಟಿತಪ್ಪಿದ ಗೂರಲೂ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಪಂಪಿಗೆ ಹೆದರಿ ಆಶ್ರಯಿಸುವ ಸಿಹಿ ಔಷಧ ನಿಜಕ್ಕೂ ಸೌಮ್ಯವೇ? ಸಾಲ್ಬ್ಯುಟಮಾಲ್ ಪಂಪಿನ ಒಂದು ಒತ್ತಿನಲ್ಲಿರುವುದು ೧೦೦ ಮೈಕ್ರೊಗ್ರಾಂ. ಒಂದು ಚಮಚ ಸಿರಪ್ಪಿನಲ್ಲಿ ಸಾಮಾನ್ಯವಾಗಿ ೨,೦೦೦. ಹೆಚ್ಚು ಔಷಧ, ನಿಧಾನವಾದ ಗುಣ, ಮೇಲೆ ಕೈನಡುಕ ಎದೆಬಡಿತಗಳು.

ಪಂಪನ್ನು ಒಪ್ಪಿಕೊಂಡ ಮನೆಗಳಲ್ಲಿಯೂ ಅದನ್ನು ನೇರವಾಗಿ ಬಾಯಿಗೆ ಒತ್ತಿದರೆ ಔಷಧದ ಬಹುಭಾಗ ಗಂಟಲಿಗೆ ಬಡಿದು ವ್ಯರ್ಥವಾಗುತ್ತದೆ. ನಡುವೆ ಸ್ಪೇಸರ್ ಎಂಬ ಟೊಳ್ಳು ಕೊಳವೆಯಿರಬೇಕು. ಐದು ವರ್ಷದೊಳಗಿನವರಿಗೆ ಅದರೊಡನೆ ಮುಖವಾಡವೂ ಬೇಕಾಗಬಹುದು. ಅದನ್ನು ಕೊಳ್ಳಲಾಗದವರ ಸಲುವಾಗಿ ದಕ್ಷಿಣ ಆಫ್ರಿಕದ ವೈದ್ಯರು ೫೦೦ ಮಿಲಿಲೀಟರಿನ ಸಾಧಾರಣ ಪ್ಲಾಸ್ಟಿಕ್ ಸೀಸೆಯ ತಳಕ್ಕೆ ಪಂಪು ಕೂರುವಂತೆ ರಂಧ್ರ ಮಾಡಿ ಪರೀಕ್ಷಿಸಿ, ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು ೧೯೯೯ರಲ್ಲಿ ತೋರಿಸಿದರು. ತಡೆಯೌಷಧವನ್ನು ಸೇದಿದ ಮೇಲೆ ಬಾಯಿ ಮುಕ್ಕಳಿಸತಕ್ಕದ್ದು.

ಆರು ವರ್ಷ ಮತ್ತು ಮೇಲ್ಪಟ್ಟ ಮಗುವಿನ ರೋಗ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಕಳೆದ ನಾಲ್ಕು ವಾರಗಳನ್ನು ಕುರಿತು ಕೇಳುವ ಪ್ರಶ್ನೆಗಳಿವೆ: ಹಗಲಿನಲ್ಲಿ ಲಕ್ಷಣಗಳು ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಕಂಡವೇ, ಶಮನೌಷಧ ಅಷ್ಟು ಸಲ ಬೇಕಾಯಿತೇ, ಕೆಮ್ಮು ಉಬ್ಬಸಗಳಿಂದ ರಾತ್ರಿ ಎಚ್ಚರವಾಯಿತೇ, ಆಟಕ್ಕೆ ತಡೆಯಾಯಿತೇ. ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಹತೋಟಿ ಪೂರ್ಣವಲ್ಲ. ಕೊನೆಯ ಪ್ರಶ್ನೆಗೆ ಮನೆಯವರಿಂದ ನಿಜವಾದ ಉತ್ತರ ದೊರೆಯುವುದು ಅಪರೂಪ. ಓಡಿದರೆ ಉಬ್ಬಸವೆಂದು ಅರಿತ ಮಗು ಓಡುವುದನ್ನೇ ಬಿಡುತ್ತದೆ. ಮನೆಯವರು ಅದನ್ನು ಸಾಧು ಸ್ವಭಾವವೆಂದು ಮೆಚ್ಚುತ್ತಾರೆ. ಇದನ್ನು ಮೊದಲು ಕಾಣಬಲ್ಲವರು ಅಧ್ಯಾಪಕರು, ಅದರಲ್ಲಿಯೂ ವ್ಯಾಯಾಮದ ಉಪಾಧ್ಯಾಯರು. ಶಮನೌಷಧ ಮಗುವಿನ ಚೀಲದಲ್ಲಿಯೇ ಇರಬೇಕು, ಕಚೇರಿಯ ಬೀಗದೊಳಗಲ್ಲ. ತೀವ್ರವಾದ ಉಬ್ಬಸದಲ್ಲಿ ಮಗುವನ್ನು ಕೂರಿಸಿ, ಸ್ಪೇಸರಿನ ಮೂಲಕ ಒಂದೊಂದಾಗಿ ೪ರಿಂದ ೧೦ ಒತ್ತುಗಳನ್ನು ೨೦ ನಿಮಿಷಕ್ಕೊಮ್ಮೆ ಮೊದಲ ಗಂಟೆಯವರೆಗೆ ಕೊಡಬಹುದು. ಮಾತು ತುಂಡಾಗುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಮಂಕಾದರೆ ಆ ಗಂಟೆಯನ್ನು ಕಾಯದೆ, ಔಷಧ ಕೊಡುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ತಡೆಯೌಷಧ ಆಜೀವಪರ್ಯಂತವೇ ಎಂದು ಕೇಳುವವರಿದ್ದಾರೆ. ಸುಮಾರು ಮೂರು ತಿಂಗಳು ಹತೋಟಿ ಪೂರ್ಣವಾಗಿ ನಿಂತರೆ ವೈದ್ಯರು ಪ್ರಮಾಣವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸುತ್ತಾರೆ. ಅನೇಕ ಮಕ್ಕಳಲ್ಲಿ ಹರೆಯಕ್ಕೆ ಬರುವ ವೇಳೆಗೆ ಲಕ್ಷಣಗಳು ತಾವಾಗಿ ಇಳಿಯುವುದೂ ಉಂಟು. ಹಾಗೆ ಇಳಿಸಲು ನೆಗಡಿಯಿಲ್ಲದ, ಪ್ರಯಾಣವಿಲ್ಲದ ಕಾಲವನ್ನು ಆರಿಸುತ್ತಾರೆ. ಬೆಂಗಳೂರಿನ ಮಟ್ಟಿಗೆ ಜೂನ್ ತಿಂಗಳನ್ನಂತೂ ಆರಿಸಲಾಗದು.