ಹೆಪ್ಪುಗಟ್ಟುವ ಎಣ್ಣೆ, ಸವೆಯುವ ಟೆಫ್ಲಾನ್

ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಬಣ್ಣಕ್ಕೆ ಕುಂಚ ಬೇಡ. ಲೇತಿನಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಸಾಕು. ತಿಕ್ಕಾಟದ ಬಿಸಿಗೆ ಅರಗು ಕರಗಿ ಕಡ್ಡಿ ಸವೆಯುತ್ತದೆ, ಸವೆದದ್ದೆಲ್ಲ ಮರದ ಮೈಗೆ ಹತ್ತುತ್ತದೆ. ಅರಗು ಪ್ರಕೃತಿಯೇ ಕೊಟ್ಟ ಪಾಲಿಮರ್. ತಾನು ಸವೆದು ಇನ್ನೊಂದರ ಮೈಗೆ ಪೊರೆಯಾಗುವ ಈ ಗುಣವನ್ನೇ ರಾಕೆಟ್ ಎಂಜಿನ್ನಿನವರೂ ನೆಚ್ಚಿಕೊಂಡಿದ್ದಾರೆ. ಅಲ್ಲಿ ಮಾತ್ರ ಬಿಸಿಯ ಜಾಗದಲ್ಲಿ ಮೈನಸ್ 253 ಡಿಗ್ರಿಯ ಚಳಿ.

ಅಷ್ಟು ತಣ್ಣಗಿರುವುದು ದ್ರವ ಜಲಜನಕ. ಜಿಎಸ್‌ಎಲ್‌ವಿ ರಾಕೆಟ್ಟಿನ ಕ್ರಯೋಜೆನಿಕ್, ಅಂದರೆ ಅತಿಶೀತ ಎಂಜಿನ್ನಿಗೆ ಅದೇ ಇಂಧನ. ಅದನ್ನು ನೂಕುವ ಪಂಪಿನ ಬೇರಿಂಗಿಗೆ ಎಣ್ಣೆ ಹಾಕುವಂತಿಲ್ಲ, ಗ್ರೀಸ್ ಹಚ್ಚುವಂತಿಲ್ಲ, ಎರಡೂ ಕಲ್ಲಾಗುತ್ತವೆ. ದ್ರವ ಆಮ್ಲಜನಕದ ಪಂಪಿನಲ್ಲಂತೂ ಎಣ್ಣೆಯೆಂದರೆ ಬೆಂಕಿಗೆ ಆಹ್ವಾನ. ಬೋರ್‌ವೆಲ್ ಇರುವ ತೋಟದವರಿಗೆ ಎಣ್ಣೆಯಿಲ್ಲದ ಬೇರಿಂಗ್ ಪೂರ್ತಿ ಹೊಸತೇನಲ್ಲ. ಬೋರ್‌ವೆಲ್ಲಿಗೆ ಇಳಿಸುವ ಎಷ್ಟೋ ಮೋಟರುಗಳಿಗೆ ಮೊದಲು ನೀರು ತುಂಬಿಸುತ್ತಾರೆ. ಒಳಗಿನ ಬೇರಿಂಗಿಗೆ ನೀರೇ ಎಣ್ಣೆ. ಜಲಜನಕಕ್ಕೆ ಆ ಜಿಡ್ಡೂ ಇಲ್ಲ. ಬೇರಿಂಗನ್ನು ತಣಿಸುತ್ತದೆ, ನುಣುಪು ಕೊಡಲಾರದು.

ನುಣುಪು ಕೊಡುವುದು ಟೆಫ್ಲಾನ್, ಅಂದರೆ 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್‌ಗೆ ಆಕಸ್ಮಿಕವಾಗಿ ಸಿಕ್ಕ ಪಿಟಿಎಫ್‌ಇ. ಬೇರಿಂಗಿನ ಗುಂಡುಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಕೇಜನ್ನು ಇದರಿಂದ ಮಾಡುತ್ತಾರೆ. ಗುಂಡು ಕೇಜನ್ನು ಉಜ್ಜುತ್ತದೆ, ಕೇಜು ಚೂರು ಸವೆಯುತ್ತದೆ, ಆ ಸವೆತ ಗುಂಡಿಗೂ ಅದು ಉರುಳುವ ಓಣಿಗೂ ತೆಳುಪೊರೆಯಾಗಿ ಹತ್ತುತ್ತದೆ. ಸವೆಯದಿದ್ದರೆ ಕೆಲಸ ಕೆಟ್ಟಿತು. ಹೆಚ್ಚು ಸವೆದರೂ ಕೆಟ್ಟಿತು. ಬರೀ ಟೆಫ್ಲಾನ್ ಬೇಗ ಸವೆದುಹೋಗುವುದರಿಂದ ಗಾಜಿನ ನಾರು, ಕಂಚಿನ ಪುಡಿ ಸೇರಿಸುವುದುಂಟು. ಅಮೆರಿಕದ ಶಟಲ್ ನೌಕೆಯ ಮುಖ್ಯ ಎಂಜಿನ್ನಿನಲ್ಲಿ ಗಾಜಿನ ಬಟ್ಟೆಯ ಮೇಲೆ ಟೆಫ್ಲಾನ್ ಕೂರಿಸಿದ ಕೇಜುಗಳಿದ್ದವು.

ಚಳಿಗೆ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ. ಆದರೆ ನಿಜವಾದ ತಲೆನೋವು ಅದರ ಕುಗ್ಗುವಿಕೆ. 100 ಮಿಲಿಮೀಟರ್ ಅಗಲದ ಟೆಫ್ಲಾನ್ ಬಳೆಯನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿದರೆ ಸುಮಾರು 2 ಮಿಲಿಮೀಟರ್ ಕಿರಿದಾಗುತ್ತದೆ. ಅಷ್ಟೇ ಅಗಲದ ಸ್ಟೇನ್‌ಲೆಸ್ ಸ್ಟೀಲ್ ಬಳೆ 0.3 ಮಿಲಿಮೀಟರಿನಷ್ಟೂ ಕುಗ್ಗದು. ಕೋಣೆಯ ಬಿಸಿಯಲ್ಲಿ ಹದವಾಗಿ ಕೂತ ಜೋಡಣೆ ಚಳಿಯಲ್ಲಿ ಕಚ್ಚಿಕೊಳ್ಳಬಹುದು.

ಇಂಥ ಪಂಪಿನಲ್ಲಿ ತಿರುಗುವ ಭಾಗ ಕಚ್ಚಿಕೊಂಡರೆ ಏನಾದೀತೆಂಬ ಭಯ 2010ರ ಏಪ್ರಿಲ್ 15ರಂದು ಶ್ರೀಹರಿಕೋಟೆಯಲ್ಲಿ ಕಣ್ಣೆದುರಿಗೆ ಬಂತು. ಭಾರತದ್ದೇ ಕ್ರಯೋಜೆನಿಕ್ ಹಂತವನ್ನು ಮೊದಲ ಸಲ ಹೊತ್ತಿದ್ದ ಜಿಎಸ್‌ಎಲ್‌ವಿ-ಡಿ3ರಲ್ಲಿ ಇಂಧನದ ಬೂಸ್ಟರ್ ಪಂಪು ನಿಮಿಷಕ್ಕೆ 34,800 ಸುತ್ತಿನ ವೇಗ ಮುಟ್ಟಿತು. ಬೋರ್‌ವೆಲ್ ಮೋಟರಿನ ಹನ್ನೆರಡರಷ್ಟು! ಕ್ರಯೋಜೆನಿಕ್ ಹಂತ ಶುರುವಾದ 0.9 ಸೆಕೆಂಡಿಗೆ ವೇಗ ಇಳಿಯತೊಡಗಿತು, ಇನ್ನೂ 0.6 ಸೆಕೆಂಡಿನಲ್ಲಿ ಪಂಪು ನಿಂತೇಹೋಯಿತು. ಸೀಲ್ ಇರುವ ಕಡೆ ಕಚ್ಚಿಕೊಂಡು ರೋಟರ್ ಹಿಡಿದಿರಬಹುದು, ಇಲ್ಲವೇ ಟರ್ಬೈನಿನ ಕವಚ ಒಡೆದಿರಬಹುದು ಎಂದಿತು ಇಸ್ರೋ ವಿಶ್ಲೇಷಣೆ. ಬೇರಿಂಗ್ ಮತ್ತು ಕವಚ ಚಳಿಯಲ್ಲಿ ಹಿಗ್ಗಿ ಕುಗ್ಗುವ ಲೆಕ್ಕ ಹಿಡಿದು ಪಂಪನ್ನು ತಿದ್ದಿದರು. 2014ರ ಜನವರಿ 5ರಂದು ಜಿಎಸ್‌ಎಲ್‌ವಿ-ಡಿ5, ಜಿಸ್ಯಾಟ್-14 ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಕ್ರಯೋಜೆನಿಕ್ ಎಂಜಿನ್ ತಯಾರಿಗೆಂದೇ ಎಚ್‌ಎಎಲ್ ಬೆಂಗಳೂರಿನಲ್ಲಿ 208 ಕೋಟಿ ರೂಪಾಯಿಯ ಘಟಕ ಕಟ್ಟಿದೆ. 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಇಷ್ಟೆಲ್ಲ ಮಾಡಿದರೂ ಇಂಥ ಎಂಜಿನ್ನಿನ ಪಂಪಿನ ಆಯುಸ್ಸು ಚಿಕ್ಕದು. ತೋಟದ ಮೋಟರು ವರ್ಷಗಟ್ಟಲೆ ಓಡಬೇಕು. ರಾಕೆಟ್ಟಿನ ಪಂಪಿಗೆ ಹಾರಾಟದಲ್ಲಿ ಇರುವ ಕೆಲಸ ಸುಮಾರು ಹನ್ನೆರಡು ನಿಮಿಷದ್ದು. ಆಮೇಲೆ ಅದನ್ನು ಬಿಚ್ಚಿ ಕೇಜು ಎಷ್ಟು ಸವೆಯಿತೆಂದು ನೋಡುವಂತಿಲ್ಲ. ಉಪಗ್ರಹವನ್ನು ಬಿಟ್ಟ ಆ ಹಂತ ತಾನೂ ಭೂಮಿ ಸುತ್ತುತ್ತಿರುತ್ತದೆ.